ಗೋದಲಿಯ ಕೌದಿ ಕೆಲಸಕ್ಕೆ ಹೋದ ದಿನ

ಡಿಸೆಂಬರ್ ಇಪ್ಪತ್ನಾಲ್ಕರ ನಸುಕು. ಹೂವಿನ ಹಿಪ್ಪರಗಿಯಲ್ಲಿ ಹಲ್ಲು ಕಟಕಟ ಎನ್ನುವ ಚಳಿ. ಸ್ವೆಟರ್ ಮೇಲೆ ಸ್ವೆಟರ್ ಏರಿಸಿಕೊಂಡು ಬಂದ ನಾನು ಗಡಗಡ ನಡುಗುತ್ತಿದ್ದರೆ, ಕೃಪಾಬಾಯಿ ಸೆರಗನ್ನಷ್ಟೇ ತಲೆಗೆ ಹೊದ್ದು, ಮನೆಯ ಕಟ್ಟೆಯ ಮೇಲೆ ಕೂತು ಹಳೆಯ ಬಟ್ಟೆಯ ತುಂಡುಗಳನ್ನು ಕೂಡಿಸಿ ಕೌದಿ ಹೊಲಿಯುತ್ತಿದ್ದಾರೆ. ಕೌದಿಯೋ, ಒಂದು ಕೂಸು ಮಲಗುವಷ್ಟು ಅಗಲ. ನೂರಾರು ಕೌದಿ ಹೊಲಿದ ಕೈಗೆ ಇದೇನು ಮಹಾ ಎಂದುಕೊಂಡರೆ ತಪ್ಪಾಯಿತು. ವರ್ಷವಿಡೀ ಹೊಲಿಯುವುದೆಲ್ಲ ಒಂದು ತೂಕವಾದರೆ, ಇದೊಂದೇ ಒಂದು ತೂಕ.

"ಸಂಜಿಗೆ ಇದು ಗೋದಲ್ಯಾಗ ಇರಬೇಕ್ರಿ. ಯೇಸುಸ್ವಾಮಿ ಇದರ ಮ್ಯಾಲೆ ಮಲಗ್ತಾನ. ನೀವು ಏನರ ಕೇಳ್ರಿ, ಹೇಳ್ತೇನಿ. ನನ್ನ ಕೈ ಮಾತ್ರ ಹಿಡೀಬ್ಯಾಡ್ರಿ" ಎನ್ನುತ್ತಾರೆ, ತಲೆ ಎತ್ತದೆ.

ಊರಿನ ಪುಟ್ಟ ಪ್ರಾರ್ಥನಾ ಮಂದಿರದಲ್ಲಿ ಕ್ರಿಸ್‌ಮಸ್ ಹಿಂದಿನ ಸಂಜೆ ದನಕ್ಕೆ ಮೇವು ಹಾಕುವ ಗೋದಲಿಯೊಂದನ್ನು ತಂದಿಡುತ್ತಾರೆ. ಅದರೊಳಗೆ ಜೋಳದ ಒಣದಂಟಿನ ಕಣಿಕೆ, ಕಣಿಕೆಯ ಮೇಲೆ ಕೃಪಾಬಾಯಿಯ ಕೌದಿ, ಕೌದಿಯ ಮೇಲೆ ಬಾಲಯೇಸುವಿನ ಮಣ್ಣಿನ ಗೊಂಬೆ. ಹಬ್ಬ ಮುಗಿದ ಮೇಲೆ ಊರಲ್ಲಿ ಮೊದಲು ಹುಟ್ಟುವ ಕೂಸಿಗೆ ಆ ಕೌದಿ ಸೇರುತ್ತದೆ, ಅದು ಯಾವ ಜಾತಿಯ, ಯಾವ ಓಣಿಯ ಕೂಸೇ ಆಗಿರಲಿ. ಅಂಗಡಿಯ ಬಟ್ಟೆ ಇದಕ್ಕೆ ಸಲ್ಲದು. ಒಂದೊಂದು ಮನೆಯಿಂದ ಒಂದೊಂದು ತುಂಡು, ಉಟ್ಟು ಒಗೆದು ಮೆತ್ತಗಾದದ್ದೇ ಬೇಕು. ಸಂಜೆ ಗೋದಲಿಯ ಮುಂದೆ ಜನ ಬಗ್ಗಿ ಬಗ್ಗಿ ತಮ್ಮ ತುಂಡು ಹುಡುಕುವುದನ್ನು ನೋಡುವುದೇ ಒಂದು ಹಬ್ಬವಂತೆ. ಅದನ್ನು ಕಣ್ಣಾರೆ ಕಾಣಲೆಂದೇ ನಾನು ಬಂದದ್ದು!

ಇಂಡಿ, ಸಿಂದಗಿ, ಮುದ್ದೇಬಿಹಾಳದ ಕಡೆಯಿಂದಲೂ ಹಳೆಯ ಸೀರೆ, ಧೋತರಗಳ ಗಂಟು ಹೊತ್ತು ಜನ ಈ ಕಟ್ಟೆಗೆ ಬರುತ್ತಾರೆ. ಗಂಡ ತೀರಿಕೊಂಡ ಮೇಲೆ ಕೃಪಾಬಾಯಿಯ ಮೂರು ಮಕ್ಕಳನ್ನು ದಡ ಮುಟ್ಟಿಸಿದ್ದು ಇದೇ ಸೂಜಿ. ಬೆರಳ ತುದಿ ಒರಟಾಗಿದೆ, ಕಣ್ಣು ಮಂಜು. ದಾರ ಪೋಣಿಸಿಕೊಡಲು ಎದುರು ಮನೆಯ ಅಮೀನಾಬಿ ಬಂದು ಪಕ್ಕದಲ್ಲೇ ಕೂತಿದ್ದಾರೆ. ಅವರ ಬಾಯಿಗೂ ಬಿಡುವಿಲ್ಲ.

ಗೋದಲಿಗೆ ಕೌದಿ ಯಾಕೆ ಎಂದು ಕೇಳಿದ್ದೇ ತಡ, ಕೃಪಾಬಾಯಿಯ ಮುಖ ಅರಳುತ್ತದೆ.

"ನನ್ನ ಚೊಚ್ಚಲ ಮಗಳು ಇಂಥಾ ಥಂಡ್ಯಾಗ ಹುಟ್ಟಿದ್ಲರಿ. ಹೊಚ್ಚಾಕ ಅರಿವಿ-ಬಟ್ಟಿ ಇದ್ದಿಲ್ಲ. ಈ ಅಮೀನಕ್ಕ ತನ್ನ ಹಳೀ ಸೀರಿ ತಂದ್ಲು, ಹಿಂದಿನ ಮನಿ ಇಂದ್ರಾಬಾಯಿ ಧೋತರ ತಂದ್ಲು. ಕೂಡಿ ಹೊಲದ್ರು, ಕೂಸು ಉಳೀತು. ಆ ಹಬ್ಬದಾಗ ಯೇಸುಸ್ವಾಮಿ ತಾಯಿ ಮರಿಯವ್ವನ ಕತಿ ಕೇಳಿದ್ನಿ. ಆಕಿನೂ ಕೂಸಿನ್ನ ಅರಿವ್ಯಾಗ ಸುತ್ತಿದ್ಲಂತ. ಪರಊರಾಗ ಬಾಣಂತನ, ತೌರಿಲ್ಲ, ಅತ್ತಿ ಇಲ್ಲ. ಆ ಅರಿವಿ ಯಾರ ಕೊಟ್ಟಿರಬೇಕು ಅಂತ ಭಾಳ ಚಿಂತಿ ಹತ್ತಿತ್ತರಿ. ಯಾರರ ಒಬ್ಬಾಕಿ ನೆರಮನ್ಯಾಕಿ ಕೊಟ್ಟಿರಬೇಕಲ್ಲ? ದೇವರ ಪ್ರೀತಿ ಅಂದ್ರ ಆ ಅರಿವೀನ ಅಂತ ತಿಳದೇನಿ."

"ನನ್ನಂಥಾಕಿ ಇನ್ನೊಬ್ಬಾಕಿ ಅಲ್ಲಿನೂ ಇದ್ಲು ಅನ್ನು" ಎಂದು ಅಮೀನಾಬಿ ನಗುತ್ತಾರೆ. ನನಗೆ ಚಳಿ ಮರೆತುಹೋಗಿದೆ. ಎಷ್ಟೋ ಪ್ರವಚನ ಕೇಳಿದ್ದೇನೆ, ಆ ಅರಿವಿ ಯಾರು ಕೊಟ್ಟರು ಎಂದು ಕೇಳಿದವರನ್ನು ಕಂಡದ್ದು ಇದೇ ಮೊದಲು.

ಅಷ್ಟರಲ್ಲಿ ಕುರಿ ಕಾಯುವ ಬೀರಣ್ಣ ಏದುಸಿರು ಬಿಡುತ್ತ ಬಂದು ನಿಲ್ಲುತ್ತಾನೆ. ಅವನ ಹೆಂಡತಿ ಕಾವೇರಿಗೆ ದಿನ ತುಂಬುವುದು ಸಂಕ್ರಾಂತಿಗೆ. ಆದರೆ ಬಸವನ ಬಾಗೇವಾಡಿಯ ಆಸ್ಪತ್ರೆಯಲ್ಲಿ ಮೊನ್ನೆಯೇ ಹೆರಿಗೆ ಆಗಿಹೋಗಿದೆ.

"ದೊಡ್ಡವ್ವಾ, ಹೆಣ್ಣ ಕೂಸು! ಸಣ್ಣದೈತಿ, ಅಂಗೈ ಅಗಲ. ಇವತ್ತ ಮನಿಗೆ ಕರ್ಕೊಂಡ ಹೋಗ್ರಿ, ಬೆಚ್ಚಗ ಇಡ್ರಿ ಅಂದಾರ. ಹಳೀ ಅರಿವಿ ಒಂದೀಟ ಇದ್ರ ಕೊಡು, ಬಸ್ಸಿಗೆ ಹೊಂಟೇನಿ."

ಕೃಪಾಬಾಯಿಯ ಸೂಜಿ ನಿಲ್ಲುತ್ತದೆ. ಮನೆಯಲ್ಲಿರುವ ಉಳಿದ ಕೌದಿಗಳೆಲ್ಲ ಗಿರಾಕಿಗಳವು. ಹೊದಿಸಿದರೆ ಆ ಕೂಸಿಗೆ ಭಾರವಾಗುವಂಥವು. ಹಗುರಾದದ್ದು ಎಂದರೆ ತೊಡೆಯ ಮೇಲಿರುವ ಇದೊಂದೇ. ಇನ್ನು ಹೊಲಿಯಬೇಕಾದದ್ದು ಒಂದೇ ಮೂಲೆ.

"ಕುಂಡ್ರು ತಮ್ಮಾ. ಇದನ್ನ ಒಯ್ಯುವಂತಿ."

ಗೋದಲಿ ಸಿಂಗರಿಸಲು ಹೊರಟಿದ್ದ ಕ್ರೈಸ್ತ ಸಭೆಯ ಹಿರಿಯ ಧರ್ಮರಾಜ ಈ ಮಾತು ಕೇಳಿ ಅಲ್ಲೇ ನಿಲ್ಲುತ್ತಾರೆ. "ಕೃಪವ್ವಾ, ಗೋದಲ್ಯಾಗ ಇಡದ ಹ್ಯಾಂಗ ಕೊಡ್ತಿ? ಎಲ್ಲಾರ ಮನಿ ಅರಿವಿ ಅದಾವು. ಸಂಜಿಗೆ ಊರ ಮಂದಿ ಬಂದು ಕೇಳಿದ್ರ ಏನಂತ ಹೇಳೂದು?" ಅವರದ್ದೂ ತಪ್ಪಲ್ಲ. ಎಲ್ಲರೂ ನಂಬಿ ಕೊಟ್ಟ ಬಟ್ಟೆ ಅದು.

"ಗೋದಲ್ಯಾನ ಕೂಸು ಮಣ್ಣಿಂದು ಅಣ್ಣಾರ. ಅದಕ್ಕ ಥಂಡಿ ಹತ್ತೂದಿಲ್ಲ. ಕೇಳಿದವ್ರಿಗೆ ನಾ ಹೇಳ್ತೇನಿ."

ಧರ್ಮರಾಜ ಮಂದಿರದ ಕಡೆ ಹೊರಟುಹೋಗುತ್ತಾರೆ. ಕೃಪಾಬಾಯಿ ಭುಜ ಬಿಗಿಹಿಡಿದು ಕೌದಿಯ ಮೇಲೆ ಬಗ್ಗುತ್ತಾರೆ. ಸೂಜಿ ಓಡುತ್ತದೆ ನೋಡಿ, ಅದೇನು ಓಟ! ಬೀರಣ್ಣ ಬಸ್ಸಿನ ದಾರಿ ನೋಡುತ್ತಾನೆ, ನಾನು ಸೂಜಿ ನೋಡುತ್ತೇನೆ. ಕೊನೆಯ ಗಂಟು ಹಾಕಿ, ಹಲ್ಲಿನಿಂದ ದಾರ ಕಚ್ಚಿ, ಕೌದಿ ಕೊಡವಿ ಎತ್ತಿ ಹಿಡಿಯುತ್ತಾರೆ. ನಾನು ಚಪ್ಪಾಳೆ ತಟ್ಟಿಯೇ ಬಿಡುತ್ತೇನೆ.

"ಏ ಕೃಪಾ! ಹೊಟ್ಟಿ ತುಂಬ್ಸಿದಿ ಏನ್ ಅದಕ್ಕ?" ಅಮೀನಾಬಿಯ ಕೂಗು.

ಕೃಪಾಬಾಯಿ ಹಣೆ ಬಡಿದುಕೊಳ್ಳುತ್ತಾರೆ. ಕೌದಿಯ ಕೊನೆಯ ಮೂಲೆ ಮುಚ್ಚುವ ಮೊದಲು ಒಳಗೊಂದಿಷ್ಟು ತಿನ್ನುವ ಪದಾರ್ಥ ಇಡುವುದು ಇವರ ಪದ್ಧತಿ. ಹಸಿದ ಕೌದಿ ಹೊದ್ದವರನ್ನು ಬೆಚ್ಚಗಿಡುವುದಿಲ್ಲವಂತೆ. ಇಷ್ಟು ವರ್ಷದಲ್ಲಿ ಮರೆತದ್ದು ಇದೇ ಮೊದಲು! ಸರಸರ ಹೊಲಿಗೆ ಬಿಚ್ಚುತ್ತಾರೆ. ನಾನು ಉತ್ಸಾಹದಿಂದ ಚೀಲದಲ್ಲಿದ್ದ ಬಿಸ್ಕೀಟು ಚಾಚಿದರೆ ಅಮೀನಾಬಿ ಗದರುತ್ತಾರೆ: "ಇರಿವಿ ಕರೀಬೇಕಂತೀರೇನು ಸಾಹೇಬ್ರ?" ತಮ್ಮ ಮನೆಗೆ ಓಡಿ, ಮುಷ್ಟಿಯಲ್ಲಿ ನಾಲ್ಕು ಕಾಳು ಜೋಳ ಹಿಡಿದು ಬರುತ್ತಾರೆ. ಬಸ್ಸಿನ ಹಾರ್ನ್ ಕೇಳುವ ಹೊತ್ತಿಗೆ ಹೊಟ್ಟೆ ತುಂಬಿದ ಕೌದಿ ಬೀರಣ್ಣನ ಕಂಕುಳಲ್ಲಿದೆ.

ಸಂಜೆ ಪ್ರಾರ್ಥನಾ ಮಂದಿರದ ತುಂಬ ಜನ, ನಕ್ಷತ್ರದ ದೀಪ, ಹಾಡು. ಗೋದಲಿಯಲ್ಲಿ ಬರಿ ಕಣಿಕೆ, ಅದರ ಮೇಲೆ ಗೊಂಬೆ. ಜನ ಬಗ್ಗುತ್ತಾರೆ, ಹುಡುಕುತ್ತಾರೆ, ಮುಖ ಮುಖ ನೋಡಿಕೊಳ್ಳುತ್ತಾರೆ. ತಾನೂ ತುಂಡು ಕೊಟ್ಟಿದ್ದ ಸೋಮನಿಂಗ ಎಂಬ ರೈತ ಕೇಳಿಯೇ ಬಿಡುತ್ತಾನೆ: "ನಮ್ಮ ಅರಿವಿ ಎಲ್ಲಿ ಹೋತು ಬೇ? ಕೌದಿ ಎಲ್ಲೈತಿ?"

ಹಾಡು ನಿಲ್ಲುತ್ತದೆ. ಧರ್ಮರಾಜ ನೆಲ ನೋಡುತ್ತಾರೆ. ಕೃಪಾಬಾಯಿ ಎದ್ದು ನಿಲ್ಲುತ್ತಾರೆ.

"ಕೌದಿ ಕೆಲಸಕ್ಕ ಹೋಗೈತ್ರಿ. ಬೀರಣ್ಣನ ಮನ್ಯಾಗ ಕೂಸು ಬಂದೈತಿ."

ಯಾರೂ ಏನೂ ಅನ್ನುವ ಮೊದಲೇ ಬಾಗಿಲಲ್ಲಿ ಬೀರಣ್ಣ. ತಲೆ ತಗ್ಗಿಸಿ, ಕೈ ಜೋಡಿಸಿ ನಿಂತಿದ್ದಾನೆ.

"ದೊಡ್ಡವ್ವಾ, ತಪ್ಪಾತು. ಕೂಸು ಬೆಚ್ಚಗ ಮಲಗೇತಿ. ಆದ್ರ ಕೌದಿ ತುಂಬ ಉಚ್ಚಿ ಹೊಯ್ದ ಬಿಟ್ಟೈತಿ. ದೇವರಿಗೆ ಹೊಲದಿದ್ದು..."

ಮೊದಲು ನಗುವವನು ಸೋಮನಿಂಗ. ಆಮೇಲೆ ಇಡೀ ಮಂದಿರ ನಗುತ್ತದೆ. ಧರ್ಮರಾಜ ಕಣ್ಣೊರೆಸಿಕೊಳ್ಳುತ್ತ ನಗುತ್ತಾರೆ, ನಾನೂ. ಬೆಳಗಿನಿಂದ ಬಿಗಿಹಿಡಿದಿದ್ದ ಕೃಪಾಬಾಯಿಯ ಭುಜ ಈಗ ಸಡಿಲಾಗಿದೆ.

"ಅಂಜಬ್ಯಾಡ ತಮ್ಮಾ" ಎನ್ನುತ್ತಾರೆ. "ಮುಂಜಾನಿ ಅದು ಬರೇ ಅರಿವಿ ಇತ್ತು. ಈಗ ಕೌದಿ ಆತು ನೋಡು."