ಕಚ್ಚಾ ಹೊಲಿಗೆಯ ಕಂಪ್ಯೂಟರ್

ಕರ್ರಕ್, ಕರ್ರಕ್, ಕರ್ರಕ್. ಮರದ ಮೇಜಿನ ಮೇಲೆ ದೊಡ್ಡ ಕತ್ತರಿ ಬಟ್ಟೆಯೊಳಗೆ ನಡೆದುಹೋಗುವ ಸದ್ದು. ಮೂವತ್ತೆಂಟು ವರ್ಷ ಆ ಬೀದಿಗೆ ಬೆಳಗಾಗುತ್ತಿದ್ದದ್ದೇ ಅದರಿಂದ. ಮಹಡಿಯ ಮನೆಯವರು ಗಡಿಯಾರ ನೋಡದೆ ಅದನ್ನು ಕೇಳಿಯೇ ಹಾಲು ಒಲೆಗಿಡುತ್ತಿದ್ದರು. ಈಚೆಗೆ ಮಾತ್ರ ಆ ಸದ್ದು ನಾಲ್ಕು ಹೆಜ್ಜೆ ನಡೆದು ನಿಲ್ಲುತ್ತಿತ್ತು. ಟೈಲರಮ್ಮ ಕತ್ತರಿ ಕೆಳಗಿಟ್ಟು, ಬಲಗೈ ಹೆಬ್ಬೆರಳನ್ನು ಎಡಗೈ ಮುಷ್ಟಿಯಲ್ಲಿ ಹಿಡಿದು, ನೋವು ದಾಟಿಹೋಗುವವರೆಗೆ ಗೋಡೆ ನೋಡುತ್ತ ಕೂರುತ್ತಿದ್ದರು.

"ಕೀಲು ಸವೆದಿದೆ. ಕತ್ತರಿ ಬಿಟ್ಬಿಡಿ," ಎಂದರು ವೈದ್ಯರು.

"ಬಿಟ್ಟು ಏನು ಮಾಡಲಿ?"

ಅದಕ್ಕೆ ಅವರು ಚೀಟಿಯಲ್ಲಿ ಮದ್ದು ಬರೆಯಲಿಲ್ಲ.

ಮದ್ದು ಇದ್ದದ್ದು ಹೊಲಿಗೆ ತರಬೇತಿ ಕೇಂದ್ರದಲ್ಲಿ. ಬಟ್ಟೆ ಕತ್ತರಿಸುವುದನ್ನು ಕಲಿಸಲು ಅಲ್ಲಿ ಒಬ್ಬರು ಬೇಕಾಗಿದ್ದರು. ಕಲಿಸುವವರು ತಾವೇ ಕತ್ತರಿ ಹಿಡಿಯಬೇಕಿಲ್ಲ, ಹಿಡಿಸಿದರೆ ಸಾಕು. ಆದರೆ ಟೈಲರಮ್ಮನ ಹತ್ತಿರ ಪ್ರಮಾಣಪತ್ರ ಎಂಬ ಕಾಗದ ಒಂದೂ ಇರಲಿಲ್ಲ. ಮೇಲ್ವಿಚಾರಕಿ ಯೋಚಿಸಿ ಒಂದು ದಾರಿ ಹೇಳಿದರು: "ನೀವು ಏನು ಕಲಿಸ್ತೀರೋ ಅದನ್ನ ಹತ್ತು ಪಾಠ ಮಾಡಿ, ಟೈಪ್ ಮಾಡಿಸಿ ತನ್ನಿ. ಮುಂದಿನ ಶುಕ್ರವಾರ ಹನ್ನೊಂದಕ್ಕೆ ಸಮಿತಿ ಕೂರುತ್ತೆ. ಕಾಗದ ಮುಂದಿದ್ರೆ ನಿಮ್ಮ ಪರ ಮಾತಾಡೋಕೆ ನನಗೂ ಬಾಯಿ ಬರುತ್ತೆ."

ಟೈಪು ಮಾಡುವ ಅಂಗಡಿಯವನು, ಬರೆದುಕೊಂಡು ಬನ್ನಿ ಎಂದ. ಆ ಹೆಬ್ಬೆರಳು ಈಗ ಪೆನ್ನನ್ನೂ ಹಿಡಿಯುತ್ತಿರಲಿಲ್ಲ. ಉಳಿದದ್ದು, ತಂಗಿಯ ಆಫೀಸಿನವರು ಬೇಡವೆಂದು ಬಿಟ್ಟ ಹಳೆಯ ಕಂಪ್ಯೂಟರ್. ಗುಂಡಿ ಒತ್ತಿ, ಅನ್ನಕ್ಕಿಟ್ಟು, ಅನ್ನ ಬೆಂದು ಬಸಿದು ಬಂದರೂ ಅದು ಕಣ್ಣು ಬಿಟ್ಟಿರುತ್ತಿರಲಿಲ್ಲ. ರಿಪೇರಿಯವನು ಅದರ ಬೆನ್ನು ತಟ್ಟಿ, "ಇದಕ್ಕೆ ಹೊಸ ಸಿಸ್ಟಮ್ ಒಗ್ಗಲ್ಲ, ಹಳೇದು ಓಡಲ್ಲ. ತೂಕಕ್ಕೆ ಹಾಕಿ," ಎಂದು ತೀರ್ಪು ಕೊಟ್ಟ.

ಬೀದಿಯ ಕೊನೆಯ ಗ್ರಂಥಾಲಯವನ್ನು ನೋಡಿಕೊಳ್ಳುವ ಮೇಡಂ ಆ ತೀರ್ಪನ್ನು ಒಪ್ಪಲಿಲ್ಲ. ಮೇಜಿನ ಖಾನೆಯಿಂದ ಒಂದು ಪೆನ್ ಡ್ರೈವ್ ತೆಗೆದು, ಪುಸ್ತಕ ಕೊಡುವಂತೆಯೇ ದಾಖಲೆಯಲ್ಲಿ ಬರೆದು, ತಾರೀಕಿನ ಮುದ್ರೆ ಒತ್ತಿದ ಚೀಟಿ ಸುತ್ತಿ ಕೊಟ್ಟರು.

"ಇದರಲ್ಲಿ ಬೇರೇನೇ ಸಿಸ್ಟಮ್ ಇದೆ ಅಕ್ಕಾ. ಹಳೇ ಮಷೀನಿಗೂ ಹಗುರ. ನಮ್ಮ ಲೈಬ್ರರೀದು ಓಡ್ತಿರೋದೂ ಇದರಲ್ಲೇ. ದುಡ್ಡು ಕೊಡೋ ಹಾಗಿಲ್ಲ."

"ದುಡ್ಡಿಲ್ದೆ ಯಾರು ಕೊಡ್ತಾರೆ ಮೇಡಂ? ಇವತ್ತು ಬೇಡ ಅಂದವರು ನಾಳೆ ಎರಡರಷ್ಟು ಕೇಳ್ತಾರೆ."

"ಕೇಳಲ್ಲ. ಎಲ್ಲೆಲ್ಲೋ ಕೂತಿರೋ ಸಾವಿರಾರು ಜನ ಸೇರಿ ಮಾಡಿಟ್ಟಿದ್ದಾರೆ. ಬೇಕಾದವರು ತಗೋಬಹುದು, ಪಕ್ಕದವರಿಗೂ ಕೊಡಬಹುದು."

ಊಟದ ಬಿಡುವಿನಲ್ಲಿ ಮೇಡಂ ಮನೆಗೇ ಬಂದು ಅದನ್ನು ಚುಚ್ಚಿದರು. ಸತ್ತಂತಿದ್ದ ಯಂತ್ರ ಎರಡು ನಿಮಿಷದಲ್ಲಿ ಎದ್ದು ಕೂತಿತು. ಪರದೆಯ ಮೇಲೆ ಟೈಲರಮ್ಮನ ತಾಯ್ನುಡಿಯಲ್ಲೇ ಎರಡು ಸಾಲು: "ಹಾಕಿಕೊಳ್ಳದೆ ಬಳಸಿ ನೋಡಿ", ಕೆಳಗೆ, "ಕಂಪ್ಯೂಟರಿಗೆ ಹಾಕಿಕೊಳ್ಳಿ".

"ಮೊದಲು ಬಳಸಿ ನೋಡಿ. ಹಿಡಿಸಿದ್ರೆ ಆಮೇಲೆ ಹಾಕೋಣ," ಎಂದು ಹೇಳಿ ಮೇಡಂ ಓಡಿದರು, ಎರಡಕ್ಕೆ ಗ್ರಂಥಾಲಯದ ಬಾಗಿಲು ತೆಗೆಯಬೇಕಿತ್ತು.

ಟೈಲರಮ್ಮನಿಗೆ ಆ ಮಾತು ಬಹಳ ಹಿಡಿಸಿತು. ಮೊದಲು ದೂರದೂರಕ್ಕೆ ದಾರ ಎಳೆದು ಕಚ್ಚಾ ಹೊಲಿಗೆ ಹಾಕಬೇಕು, ಮೈಗಿಟ್ಟು ನೋಡಬೇಕು, ಸರಿ ಕೂತರೆ ಮಾತ್ರ ಪಕ್ಕಾ ಹೊಲಿಗೆ. ಈ ಸಿಸ್ಟಮ್ ಮಾಡಿದವರಲ್ಲಿ ಒಬ್ಬ ದರ್ಜಿಯೂ ಇರಬೇಕು ಎಂದುಕೊಂಡರು.

ಸಮಿತಿಗೆ ಇನ್ನೊಂದು ವಾರವಿರುವಾಗ, ಈ ಶುಕ್ರವಾರದಿಂದ ಎಡಗೈಯ ಒಂದೇ ಬೆರಳಿನಲ್ಲಿ ಪಾಠ ಶುರು. ಕಕಾರ ಸಿಕ್ಕರೆ ಕೊಂಬು ಸಿಗದು, ಕೊಂಬು ಸಿಕ್ಕಾಗ ಹೇಳಬೇಕಾದ್ದು ಮರೆತಿರುತ್ತಿತ್ತು. ಆದರೂ ಪ್ರತಿ ಸಾಲಿಗೂ "ಉಳಿಸು" ಎಂಬುದನ್ನು ಒತ್ತಿದರು. ಕೆಲಸ ಮುಗಿದ ಮೇಲೆ ಪರದೆಯ ಗುಂಡಿ ಒತ್ತಿ, ಬೆಳಕು ಆರಿದ್ದನ್ನು ನೋಡಿ, ಹೊಲಿಗೆ ಯಂತ್ರಕ್ಕೆ ಹೊದಿಸುವ ಹಾಗೆಯೇ ಮೇಲೊಂದು ಬಟ್ಟೆ ಹೊದಿಸಿದರು. ಕೆಳಗಿನ ಪೆಟ್ಟಿಗೆ ಮಾತ್ರ ಬಟ್ಟೆಯೊಳಗೆ ಮೆಲ್ಲಗೆ ಉಸಿರಾಡುತ್ತಲೇ ಇತ್ತು. ಅವರು ಆರಿಸಿದ್ದು ಪರದೆಯನ್ನಷ್ಟೇ ಎಂದು ಅವರಿಗೆ ಯಾರು ಹೇಳಬೇಕು? ಬೆಳಿಗ್ಗೆ ಮತ್ತೆ ಗುಂಡಿ ಒತ್ತಿದರೆ ಪಾಠಗಳು ಇಟ್ಟಲ್ಲೇ ಇರುತ್ತಿದ್ದವು. ಮಂಗಳವಾರ ಸಂಜೆಗೆ ಎಂಟು ಪಾಠ ಮುಗಿದವು.

ಬುಧವಾರ ಬೆಳಿಗ್ಗೆ ಅವರು ತರಕಾರಿಗೆ ಹೋದಾಗ ಕೈ ಹಾಕಿದ್ದು ಗಂಡ. ಆತ ನಿವೃತ್ತ ಬಸ್ ಕಂಡಕ್ಟರ್. ಬೀದಿಗೆಲ್ಲ ರೈಟ್ ರೈಟ್ ಸಾಹೇಬರು. ಕೊನೆಯ ಪ್ರಯಾಣಿಕ ಇಳಿದ ಮೇಲೆ ಬಸ್ಸಿನ ದೀಪಗಳನ್ನೆಲ್ಲ ಆರಿಸಿಯೇ ಇಳಿಯುವುದು ಮೂವತ್ತು ವರ್ಷದ ಅಭ್ಯಾಸ. ಮನೆಯಲ್ಲೂ ಎಲ್ಲೋ ಒಂದು ಸ್ವಿಚ್ ಸುಮ್ಮನೆ ಹಾಕಿದ್ದರೆ ಅವರಿಗೆ ನಿದ್ದೆ ಹತ್ತದು. ಬಟ್ಟೆಯೊಳಗಿನ ಮೆಲ್ಲನೆಯ ಸದ್ದು ಆ ದಿನ ಕಿವಿಗೆ ಬಿದ್ದು, ಮೇಜಿನ ಹಿಂದೆ ಬಗ್ಗಿ, ಟಕ್ ಎಂದು ಗೋಡೆಯ ಸ್ವಿಚ್ ಆರಿಸಿದರು.

ಟೈಲರಮ್ಮ ಬಂದು ಹಾಕಿದಾಗ ಯಂತ್ರವೇನೋ ಎದ್ದಿತು. ಪರದೆ ಮಾತ್ರ ತೊಳೆದಿಟ್ಟ ತಟ್ಟೆಯಂತಿತ್ತು. ಎಂಟರಲ್ಲಿ ಒಂದು ಪಾಠವೂ ಇರಲಿಲ್ಲ.

"ಏನು ಮುಟ್ಟಿದ್ರಿ?"

"ಏನೂ ಮುಟ್ಟಿಲ್ವೇ. ಕರೆಂಟು ದಂಡ ಅಂತ ಸ್ವಿಚ್ ಆರಿಸ್ದೆ."

"ಐದು ದಿನದ ಕೆಲಸ ಆರಿಸಿದ್ರಿ. ನಾನು ಮೇಷ್ಟ್ರಮ್ಮ ಆಗೋದನ್ನೇ ಆರಿಸಿದ್ರಿ."

ರೈಟ್ ರೈಟ್ ಸಾಹೇಬರು ಮೆಲ್ಲಗೆ ಅಡುಗೆಮನೆಗೆ ಸರಿದರು. ಟೈಲರಮ್ಮ ತರಕಾರಿ ಚೀಲವನ್ನು ಅಲ್ಲೇ ಬಿಟ್ಟು, ಪೆನ್ ಡ್ರೈವ್ ಕಿತ್ತುಕೊಂಡು ಗ್ರಂಥಾಲಯಕ್ಕೆ ಹೋಗಿ, ಮೇಡಂ ಮುಂದೆ ಇಟ್ಟರು. "ತಗೊಳ್ಳಿ. ನನಗೂ ಇದಕ್ಕೂ ಕೂಡಿಬರಲ್ಲ." ಏನಾಯಿತೆಂದು ಹೇಳಿದರು.

ಮೇಡಂ ಹಣೆಗೆ ಕೈ ಹಚ್ಚಿದರು. "ಅಣ್ಣನ ತಪ್ಪಲ್ಲ ಅಕ್ಕಾ, ನಿಮ್ಮದೂ ಅಲ್ಲ. ನನ್ನದು. ಬಳಸಿ ನೋಡೋವಾಗ ಇಟ್ಟಿದ್ದೆಲ್ಲ ಮಷೀನ್ ಆರೋವರೆಗೆ ಅಷ್ಟೇ. ಆರಿದ್ರೆ ಅದಕ್ಕೆ ಯಾವುದೂ ನೆನಪಿರಲ್ಲ. ಉಳಿಸು ಅಂತ ನೂರು ಸಲ ಒತ್ತಿದ್ರೂ ಅಷ್ಟೇ. ನಾನೇ ಮೊದಲ ವರ್ಷ ಮುನ್ನೂರು ಪುಸ್ತಕದ ಪಟ್ಟಿ ಹಾಗೆ ಕಳಕೊಂಡಿದ್ದೆ. ನಿಮಗೆ ಹೇಳದೆ ಓಡಿಹೋದೆ."

ಟೈಲರಮ್ಮ ಬೆಂಚಿನ ಮೇಲೆ ಕೂತರು. "ಅಂದ್ರೆ ಕಚ್ಚಾ ಹೊಲಿಗೆ ಹಾಕಿದ ಅಂಗಿ ತೊಟ್ಕೊಂಡು ಐದು ದಿನ ಬೀದಿ ಸುತ್ತಿದೀನಿ," ಎಂದರು. "ದಾರ ಎಳೆದವರಿಗೆ ಬೈದು ಬಂದೆ."

ಊಟದ ಬಿಡುವಿನಲ್ಲಿ ಇಬ್ಬರೂ ಮನೆಗೆ ಬಂದರು. ಈ ಸಲ ಎರಡನೆಯ ಸಾಲು ಒತ್ತಿದರು. ಹಳೆಯದೆಲ್ಲ ಅಳಿಸಿಹೋಗುತ್ತದೆ, ಮುಂದುವರಿಯಲೇ ಎಂದು ಯಂತ್ರ ಕೇಳಿತು. ತಂಗಿಗೆ ಫೋನ್ ಮಾಡಿದರೆ, "ಅದರಲ್ಲಿ ಏನೂ ಇಲ್ಲ, ಅಳಿಸಕ್ಕಾ," ಎಂದಳು. ಅರ್ಧ ಗಂಟೆ ಹಿಡಿಯಿತು. ಮುಗಿದ ಮೇಲೆ ಮೇಡಂ ಒಂದು ಸಾಲು ಬರೆಸಿದರು: "ತೋಳಿನ ಉದ್ದವನ್ನು ಕೈ ಮಡಚಿಸಿ ಅಳೆಯಬೇಕು." ಉಳಿಸಿ, ಪೂರ್ತಿ ಆರಿಸಿ, ಪೆನ್ ಡ್ರೈವ್ ಕಿತ್ತು, ಮತ್ತೆ ಹಾಕಿದರು. ಸಾಲು ಅಲ್ಲೇ ಇತ್ತು. ಟೈಲರಮ್ಮ ಅದನ್ನು ಬೆರಳಿನಿಂದ ಮುಟ್ಟಿ ನೋಡಿದರು, ಹೊಲಿಗೆ ಗಟ್ಟಿಯಿದೆಯೇ ಎಂದು ಎಳೆದು ನೋಡುವ ಹಾಗೆ.

"ಇದಕ್ಕೆ ಯಾರಿಗೆ ಋಣಿಯಾಗಿರಬೇಕು ಮೇಡಂ?"

ಮೇಡಂ ಎಲ್ಲೋ ಒತ್ತಿ ಒಂದು ಪಟ್ಟಿ ತೆಗೆದರು. ಮಾಡಿದವರ ಹೆಸರುಗಳು, ಸರಿಸಿದಷ್ಟೂ ಮುಗಿಯವು. ಕೆಳಗೆಲ್ಲೋ, ತಮ್ಮ ಭಾಷೆಗೆ ಅದನ್ನು ತಂದುಕೊಟ್ಟವರು, ಹನ್ನೊಂದು ಮಂದಿ. ಟೈಲರಮ್ಮ ಆ ಹನ್ನೊಂದನ್ನೂ ಬಾಯಿಬಿಟ್ಟು ಓದಿದರು.

"ಒಬ್ಬೊಬ್ಬರಿಗೂ ಒಂದು ಅಂಗಿ ಹೊಲಿದು ಕೊಡಬೇಕು ಅನ್ಸುತ್ತೆ."

"ಅಳತೆ?" ಎಂದಿತು ಬಾಗಿಲ ಬಳಿಯಿಂದ ಒಂದು ಧ್ವನಿ. ಬೆಳಗಿನಿಂದ ಅಡುಗೆಮನೆಯಲ್ಲೇ ಇದ್ದ ಗಂಡನ ಮೊದಲ ಮಾತು ಅದು.

ಟೈಲರಮ್ಮ ತಿರುಗಿದರು. "ರೀ, ತಪ್ಪು ನಿಮ್ಮದಲ್ವಂತೆ."

"ಗೊತ್ತು. ಆದ್ರೂ ಬದನೆಕಾಯಿ ಹೆಚ್ಚಿಟ್ಟಿದೀನಿ." ಅವರು ಹತ್ತಿರ ಬಂದು ಕೀಲಿಮಣೆ ನೋಡಿದರು. "ಈಗ ಎಷ್ಟು ದಿನ ಇದೆ?"

"ಒಂದೂವರೆ. ಒಂದು ಬೆರಳಲ್ಲಿ ಆಗೋದಲ್ಲ ಬಿಡಿ."

"ಜಾಗ ಬಿಡು. ನಿಂತ ಬಸ್ಸಲ್ಲಿ ಟಿಕೆಟ್ ಮಷೀನ್ ಯಾರು ಬೇಕಾದ್ರೂ ಒತ್ತುತಾರೆ. ನಾನು ತಿರುವಿನಲ್ಲಿ, ಒಂದು ಕೈಲಿ ಕಂಬಿ ಹಿಡಿದು ಒತ್ತಿದವನು. ಹೇಳು."

ಟೈಲರಮ್ಮ ಹೇಳಿದರು, ಅವರು ಒತ್ತಿದರು. ಆದರೆ ಸುಮ್ಮನೆ ಒತ್ತುವ ಆಸಾಮಿಯಲ್ಲ.

"ಬಟ್ಟೆಯ ನೂಲಿನ ದಿಕ್ಕು ನೋಡಿ ಹಾಸಬೇಕು."

"ಯಾಕೆ? ಅಡ್ಡ ಹಾಸಿದ್ರೆ ಏನಾಗುತ್ತೆ?"

"ಒಗೆದ ಮೇಲೆ ಅಂಗಿ ಒಂದು ಕಡೆ ಜೋಲುತ್ತೆ."

"ಅದನ್ನೇ ಬರೀಬೇಕು ಕಣೇ. ನನ್ನಂಥ ದಡ್ಡನಿಗೆ ಅದು ಗೊತ್ತಾಗಬೇಕಲ್ಲ?"

ಮೊದಲ ಸಲ ಬರೆದ ಎಂಟೂ ಪಾಠಗಳಲ್ಲಿ ಇಂಥ ಒಂದು "ಯಾಕೆ"ಯೂ ಇರಲಿಲ್ಲ ಎಂಬುದು ಟೈಲರಮ್ಮನಿಗೆ ಆಗ ಹೊಳೆಯಿತು. ಗೊತ್ತಿದ್ದವರಿಗಾಗಿ ಬರೆದಿದ್ದರು. ಈಗ ಎದುರಿಗೆ, ಮೂವತ್ತೈದು ವರ್ಷ ಅವರು ಹೊಲಿದ ಅಂಗಿಯನ್ನೇ ತೊಟ್ಟರೂ ಅದರ ಹುಟ್ಟು ಅರಿಯದ ಮನುಷ್ಯ ಕೂತು ಕೇಳುತ್ತಿದ್ದ. ಕಳೆದುಹೋದದ್ದರ ಮೇಲಿನ ಸಂಕಟ ಹೇಗೆ ಇಳಿಯಿತೋ, ತಿಳಿಯಲಿಲ್ಲ.

ಗುರುವಾರ ಸಂಜೆ ಹತ್ತನೆಯ ಪಾಠಕ್ಕೆ ಚುಕ್ಕೆ ಬಿತ್ತು. ಶುಕ್ರವಾರ ಬೆಳಿಗ್ಗೆ ಮೇಡಂ ಗ್ರಂಥಾಲಯದ ಪ್ರಿಂಟರಿನಲ್ಲಿ ಮೂವತ್ತೊಂದು ಹಾಳೆ ತೆಗೆದುಕೊಟ್ಟರು. ಹಾಳೆಗಳಿನ್ನೂ ಬೆಚ್ಚಗಿದ್ದವು.

ತರಬೇತಿ ಕೇಂದ್ರದ ಮೊಗಸಾಲೆಯಲ್ಲಿ ಟೈಲರಮ್ಮ ನಿಂತೇ ಕಾದರು. ಒಂದು ಗಂಟೆಯ ಮೇಲೆ ಬಾಗಿಲು ತೆರೆಯಿತು. ಮೇಲ್ವಿಚಾರಕಿಯ ಕೈಯಲ್ಲಿ ಅದೇ ಹಾಳೆಗಳು.

"ಸೋಮವಾರದಿಂದ ಬನ್ನಿ. ಸಮಿತಿಯ ಹಿರಿಯರು ಏನಂದ್ರು ಗೊತ್ತಾ? ಪ್ರತಿ ಪಾಠದಲ್ಲೂ ಯಾಕೆ ಅಂತ ಕೇಳಿ ನೀವೇ ಉತ್ತರ ಹೇಳಿದೀರಲ್ಲ, ಹಾಗೆ ಯಾರೂ ಬರೆದಿಲ್ಲ ಅಂತ."

"ಕೇಳಿದ್ದು ನಾನಲ್ಲ, ನಮ್ಮ ಮನೆಯವರು. ದಾರಿ ತೋರಿಸಿದ್ದು ಲೈಬ್ರರಿ ಮೇಡಂ. ಆಮೇಲೆ ಇನ್ನೂ ಹನ್ನೊಂದು ಜನ ಇದ್ದಾರೆ, ಅವರ ಮುಖ ನೋಡಿಲ್ಲ."

ಮೇಲ್ವಿಚಾರಕಿಗೆ ಹನ್ನೊಂದರ ಲೆಕ್ಕ ತಿಳಿಯಲಿಲ್ಲ. ನಕ್ಕು ನಿಯಮಗಳನ್ನು ಹೇಳತೊಡಗಿದರು. ಟೈಲರಮ್ಮ ತಲೆ ಆಡಿಸುತ್ತಿದ್ದರು. ಕಣ್ಣು ಮಾತ್ರ ಎದುರಿನ ಕೋಣೆಯ ತೆರೆದ ಬಾಗಿಲಿನತ್ತ ಜಾರಿತು. ಒಳಗೆ ಉದ್ದನೆಯ ಮೇಜು. ಒಬ್ಬ ಹೆಂಗಸು ಹೊಸ ಬಟ್ಟೆಯ ಹೊಳಪಿನ ಮೈಯ ಮೇಲೇ, ನಾಳೆ ಹೊರಗೆ ಕಾಣುವ ಕಡೆಗೇ, ಸೀಮೆಸುಣ್ಣದ ಗೆರೆ ಎಳೆಯುತ್ತಿದ್ದಳು.

"ಬೆಳಿಗ್ಗೆ ಒಂಬತ್ತೂವರೆಗೆ ಬಂದು ಹಾಜರಿ ಪುಸ್ತಕದಲ್ಲಿ ರುಜು ಹಾಕಿ, ಆಮೇಲೆ ನೀವು..."

"ಒಂದ್ನಿಮಿಷ," ಎಂದು ಟೈಲರಮ್ಮ ಆಗಲೇ ಹೊಸ್ತಿಲು ದಾಟಿದ್ದರು. "ತಾಯಿ, ಬಟ್ಟೆ ಮಗುಚಿ ಹಾಕಮ್ಮ. ಯಾಕೆ ಅಂತ ಹೇಳ್ತೀನಿ, ಬಾ."