ಮುದ್ದಕ್ಕ ಎತ್ತದ ಕೈ

ಬೆಳಕು ಹರಿಯುವ ಹೊತ್ತಿಗಾಗಲೇ ಮುದ್ದಕ್ಕ ಮತ್ತೋಡು ಊರಿನ ಆಚೆಯ ಹೊಲದಲ್ಲಿ ಕುಕ್ಕರಗಾಲಲ್ಲಿ ಕುಳಿತು ಈರುಳ್ಳಿಯ ತಲೆಗರಿ ಕೊಯ್ಯುತ್ತಿದ್ದಾರೆ. ಇಬ್ಬನಿಗೆ ಕುಡುಗೋಲಿನ ಹಿಡಿ ಜಾರುತ್ತದೆ. ಸೆರಗಿಗೆ ಒರೆಸಿ ಮತ್ತೆ ಹಿಡಿಯುತ್ತಾರೆ. ಬಿಸಿಲೇರಿದ ಮೇಲೆ ಸೀರೆ ಬದಲಿಸಿ ಇದೇ ಹೆಂಗಸು ಗ್ರಾಮ ಪಂಚಾಯಿತಿ ಅಧ್ಯಕ್ಷರ ಕುರ್ಚಿಯಲ್ಲಿ ಕೂರಬೇಕು. ಇವತ್ತು ಸಭೆ.

"ಕೂಲಿ ಬಿಟ್ರೆ ಒಲೆ ಹತ್ತಲ್ಲ. ಕುರ್ಚಿ ಹೊಟ್ಟೆ ತುಂಬಿಸ್ತೈತಾ?" ಎನ್ನುತ್ತಾರೆ.

ಮೀಸಲಾತಿಯಲ್ಲಿ ಪದವಿ ಬಂದಾಗ ಅವರಿಗೆ ಸಭೆ ನಡೆಸುವುದು ಗೊತ್ತಿರಲಿಲ್ಲ. ಹೊಸದುರ್ಗದ ತರಬೇತಿಯಲ್ಲಿ ನಿವೃತ್ತ ಶಿಕ್ಷಕಿ ದಾಕ್ಷಾಯಿಣಿ ಲೋಕಸಭೆಯ ಸ್ಪೀಕರ್ ಬಗ್ಗೆ ಹೇಳಿದರು. ಪೀಠದಲ್ಲಿ ಕೂತವರಿಗೆ ಪಕ್ಷವಿಲ್ಲ. ಎಲ್ಲರಿಗೂ ಮಾತಿನ ಸರದಿ ಕೊಡಬೇಕು. ಮತಗಳು ಸಮವಾದಾಗ ಮಾತ್ರ ತಮ್ಮ ಮತ. ಆಗಲೂ ಸಭೆಯಲ್ಲಿಲ್ಲದ ಬಹುಮತವನ್ನು ತಾವು ಹುಟ್ಟಿಸಬಾರದು, ಚರ್ಚೆಗೆ ಎಡೆ ಉಳಿಸಬೇಕು. ಮುದ್ದಕ್ಕ ಅದನ್ನೇ ನಂಬಿದರು. "ಒಬ್ಬೊಬ್ರೇ ಮಾತಾಡ್ರಿ, ಉಳಿದೋರು ಕುಂತ್ಕಳ್ರಿ" ಎಂದು ಹೇಳಿ ಹೇಳಿ, ಬರೀ ಗದ್ದಲವಾಗಿದ್ದುದನ್ನು ಸಭೆ ಮಾಡಿದರು. ಸದಸ್ಯ ಗುರುರಾಜ್ ಹಂಗಿಸಲು ಇಟ್ಟ 'ಸ್ಪೀಕರಮ್ಮ' ಎಂಬ ಹೆಸರೇ ಊರಲ್ಲಿ ನಿಂತಿತು.

ಮುಂಗಾರಿಗೆ ಮುಂಚೆ ಮುದ್ದಕ್ಕನ ಕೇರಿಯ ಸ್ಮಶಾನದ ದಾರಿಯ ಪ್ರಸ್ತಾವ ಬಂತು. ಅಲ್ಲಿ ಹೆಣ ಹೊತ್ತವರು ಇಂದಿಗೂ ಕಂಡವರ ಹೊಲ ದಾಟಬೇಕು. ಪರ, ವಿರೋಧ ಎರಡಕ್ಕೂ ಸಮನಾಗಿ ಕೈಗಳೆದ್ದವು. ಎಲ್ಲರೂ ಪೀಠದತ್ತ ತಿರುಗಿದರು.

"ನನ್ ಕೇರಿದು ಅಂತ ಕೈ ಎತ್ತಿದ್ರೆ ನಾಳೆ ಯಾರು ನನ್ ಮಾತು ಕೇಳ್ತಾರೆ ಅನ್ನಿಸ್ತು. ಮುಂದಿನ ಸಭೆನಾಗೆ ಇನ್ನಷ್ಟು ಮಾತಾಡಾಣ ಅಂದೆ."

ಆ ಸಭೆಗೆ ಮೊದಲೇ ಮಳೆ ಬಂತು. ಕೇರಿಯ ಸದಸ್ಯ ಎತ್ತಪ್ಪನವರ ತಾಯಿ ತೀರಿಕೊಂಡರು. ಮೊಣಕಾಲುದ್ದ ಕೆಸರಲ್ಲಿ ಚಟ್ಟ ಹೊತ್ತವರು ಜಾರಿದರು. ಮುದುಕಿಯ ಮೈ ಕೆಸರಿಗೆ ಉರುಳಿತು. ಎತ್ತಪ್ಪ ಟವೆಲಿನಿಂದ ತಾಯಿಯ ಮುಖ ಒರೆಸುವುದನ್ನು ಮುದ್ದಕ್ಕ ಬದುವಿನ ಮೇಲೆ ನಿಂತು ನೋಡಿದರು.

ಮುಂದಿನ ಸಭೆಗೆ ಎತ್ತಪ್ಪನೂ ದಾರಿಯ ಪರ ಕೈ ಎತ್ತಿದ್ದ ಅವರ ಜೊತೆಯವರೂ ಬರಲಿಲ್ಲ. ಪ್ರಸ್ತಾವ ಬಿದ್ದುಹೋಯಿತು. ಅದನ್ನು ಓದಿ ಹೇಳಬೇಕಾದವರೂ ಮುದ್ದಕ್ಕನೇ.

"ಸರಿ ಮಾಡಿದ್ನೋ, ನಮ್ಮೋರ ಕುತ್ತಿಗೆ ಕೊಯ್ದ್ನೋ, ಗೊತ್ತಾಗ್ತಾ ಇಲ್ಲ," ಎನ್ನುವಾಗ ಕುಡುಗೋಲು ನಿಲ್ಲುತ್ತದೆ. ದಾರಿ ಕೊಡಿಸುವ ಹಾದಿ ಈಗ ಅವರಿಗೆ ಕಾಣುತ್ತಿಲ್ಲ.

ಎತ್ತಪ್ಪ ಈಚೆಗೆ ಸಭೆಗೆ ಬರುತ್ತಾರೆ, ಬಾಯಿ ಬಿಡುವುದಿಲ್ಲ. ಇವತ್ತಿನ ಸಭೆಯಲ್ಲೂ ಎತ್ತಪ್ಪನವರ ಸರದಿ ಬಂದಾಗ ಮುದ್ದಕ್ಕ, "ಎತ್ತಪ್ಪಣ್ಣ, ನೀವೇನಾರ ಹೇಳ್ತೀರಾ?" ಎಂದು ಕೇಳುತ್ತಾರೆ. ಅವರು ಕಿಟಕಿಯಾಚೆ ನೋಡುತ್ತಾರೆ. ಸಭೆ ಮುಂದಕ್ಕೆ ಹೋಗುತ್ತದೆ.

ಏನಾದರೂ ಆಸೆ ಇದೆಯೇ ಎಂದು ನಾವು ಕೇಳಿದರೆ, ಮುದ್ದಕ್ಕ ಪಂಚಾಯಿತಿ ಮೆಟ್ಟಿಲ ಮೇಲೆ ಚಪ್ಪಲಿ ಹುಡುಕುತ್ತಾ ಹೇಳುತ್ತಾರೆ: "ಎತ್ತಪ್ಪಣ್ಣ ಒಂದ್ಸಲ ತುಂಬಿದ ಸಭೆನಾಗೆ ನನ್ನ ಬೈಲಿ. ನಾನು ತಡೆಯಲ್ಲ. ಅವ್ರಿಗೆ ಎಷ್ಟೊತ್ತು ಬೇಕೋ ಅಷ್ಟೊತ್ತು ಕೊಡ್ತೀನಿ."