ತೆಗೆಯದೇ ಬಿಟ್ಟ ಮುಚ್ಚಳ

ನಮ್ಮ ಹಳೇ ಕಾರಿನ ರೋಟರನ್ನು ಕಿತ್ತವಳು ನಾನೇ. ಹೆಬ್ಬೆರಳಿನಷ್ಟು ದಪ್ಪದ ಕಪ್ಪು ತುಂಡು, ತಲೆಯ ಮೇಲೊಂದು ಹಿತ್ತಾಳೆ ಪಟ್ಟಿ, ಅಷ್ಟೇ. ಅದಿಲ್ಲದಿದ್ದರೆ ಪ್ಲಗ್ಗುಗಳಿಗೆ ಕಿಡಿ ಹೋಗುವುದಿಲ್ಲ. ಕಿಡಿ ಇಲ್ಲದಿದ್ದರೆ ಎಂಜಿನ್ನು ಎಷ್ಟು ಗೊರಗೊರ ಎಂದರೂ ಗಾಡಿ ಸ್ಟಾರ್ಟ್ ಆಗುವುದಿಲ್ಲ. ಇದನ್ನು ನನಗೆ ಕಲಿಸಿದವರು ನನ್ನ ಗಂಡನೇ. ನಾವು ಬೊಮ್ಮನಹಳ್ಳಿಯಲ್ಲಿ ಬಾಡಿಗೆಗೆ ಇದ್ದಾಗ ಕಾರನ್ನು ರಸ್ತೆಯಲ್ಲೇ ನಿಲ್ಲಿಸಬೇಕಿತ್ತು. ಇವರು ಊಟಕ್ಕೆ ಕೂರುವ ಮುಂಚೆ ಬಾನೆಟ್ ಎತ್ತಿ, ರೋಟರ್ ಕಿತ್ತು ತಂದು ನನ್ನ ಕೈಗೆ ಕೊಡುತ್ತಿದ್ದರು. "ಇನ್ನ ಕಳ್ಳ ಬಂದ್ರೆ ತಳ್ಕೊಂಡೇ ಓಗ್ಬೇಕು" ಎನ್ನುತ್ತಿದ್ದರು. ಬೆಳಿಗ್ಗೆ ಕಾಫಿಯ ಜೊತೆ ನಾನು ಅದನ್ನು ವಾಪಸು ಕೊಡುತ್ತಿದ್ದೆ.

ಇವರು ದೊಡ್ಡನೆಕ್ಕುಂದಿಯ ಒಂದು ಕಾರ್ಖಾನೆಯಲ್ಲಿ ಗಾಡಿಗಳ ಎಲೆಕ್ಟ್ರಿಷಿಯನ್ ಆಗಿದ್ದವರು. ನಾನು ಗಾರ್ಮೆಂಟ್ಸಿನಲ್ಲಿ ಚೆಕಿಂಗ್ ಟೇಬಲ್ಲಿನವಳು. ಹೊಲಿಗೆ ಬಿಟ್ಟ ಶರ್ಟನ್ನು ಪಕ್ಕಕ್ಕೆ ಎಸೆಯುವುದೇ ನನ್ನ ಕೆಲಸವಾಗಿತ್ತು. ಅದರಿಂದಲೋ ಏನೋ, ನನ್ನ ಕಣ್ಣಿಗೆ ಎಲ್ಲದರಲ್ಲೂ ಮೊದಲು ತಪ್ಪೇ ಕಾಣುತ್ತದೆ. ಈಗ ಇಬ್ಬರೂ ಕೆಲಸ ಬಿಟ್ಟು ವರ್ತೂರಿನಲ್ಲಿ ಇವರ ಅಪ್ಪನ ಜಾಗದಲ್ಲಿ ಕಟ್ಟಿಕೊಂಡ ಮನೆಯಲ್ಲಿದ್ದೇವೆ. ಮೇಲಿನ ಮನೆಯಲ್ಲಿ ಬಾಡಿಗೆಗೆ ಒಬ್ಬ ನಡುವಯಸ್ಸಿನವನಿದ್ದಾನೆ. ವೈಟ್‌ಫೀಲ್ಡಿನ ಒಂದು ಆಫೀಸಿಗೆ ಕ್ಯಾಬುಗಳನ್ನು ಕಳಿಸುವ ಸೂಪರ್‌ವೈಸರು. ಗಾಡಿಗಳ ನಡುವೆಯೇ ಬದುಕುತ್ತಾನೆ, ಬಾನೆಟ್ಟಿನ ಒಳಗೆ ಏನಿರುತ್ತದೆಂದು ಮಾತ್ರ ಅವನಿಗೆ ಗೊತ್ತಿಲ್ಲ.

ಇವರ ಮರೆವನ್ನು ಮೊದಲು ಕಂಡವಳೂ ನಾನೇ. ಸಾರಿಗೆ ಎರಡು ಸಲ ಉಪ್ಪು ಹಾಕಿದರು, ನಕ್ಕೆವು. ಪಕ್ಕದ ಮನೆಯ ಗೇಟು ತೆಗೆದು ಒಳಗೆ ಹೋದರು, ಆಗಲೂ ನಕ್ಕೆವು. ಆಮೇಲೆ ಒಂದು ದಿನ ಕೆರೆಯ ಪಕ್ಕದ ರಸ್ತೆಯಲ್ಲಿ ಕಾರು ಓಡಿಸುತ್ತ ಬಲಗಡೆಗೆ ಹೋಗಿಬಿಟ್ಟರು. ಎದುರಿಗೆ ನೀರಿನ ಟ್ಯಾಂಕರ್ ಬರುತ್ತಿತ್ತು. ನಾನು ಪಕ್ಕದಿಂದ ಸ್ಟೇರಿಂಗ್ ಹಿಡಿದು ಎಳೆದೆ. ಟ್ಯಾಂಕರಿನವನು ಬಾಯಿಗೆ ಬಂದಂತೆ ಬೈದ. ಇವರು ನನ್ನ ಕಡೆ ತಿರುಗಿ, "ಯಾಕಂಗೆ ಅರಚ್ಕೋತಾವ್ನೆ ಅವ್ನು?" ಎಂದು ಕೇಳಿದರು.

ಇನ್ನು ಗಾಡಿ ಮುಟ್ಟಬಾರದು ಎಂದು ಡಾಕ್ಟರು ಹೇಳಿದರು. ಇವರು ತಲೆಯಾಡಿಸಿದರು, ಮನೆ ಸೇರುವಷ್ಟರಲ್ಲಿ ಮರೆತರು. ಕೀ ಬಚ್ಚಿಟ್ಟೆ. ಗಾಡಿಗಳ ಎಲೆಕ್ಟ್ರಿಷಿಯನ್ನಿನಿಂದ ಕೀ ಬಚ್ಚಿಟ್ಟು ಏನು ಉಪಯೋಗ? ಸ್ಟೇರಿಂಗ್ ಕೆಳಗೆ ಕೈಹಾಕಿ, ಎರಡು ವೈರು ಸೇರಿಸಿ ಸ್ಟಾರ್ಟ್ ಮಾಡಿದರು. ಮಾರಿಬಿಡೋಣವೆಂದರೆ ಅದೂ ಆಗುವಂತಿರಲಿಲ್ಲ. ಹಿಂದೊಮ್ಮೆ ಕಾರನ್ನು ಪೇಂಟಿಗೆ ಬಿಟ್ಟಾಗ ಅದನ್ನು ಹುಡುಕಿಕೊಂಡು ಗುಂಜೂರಿನ ತನಕ ನಡೆದುಹೋಗಿದ್ದರು. ಹಾಗಾಗಿ ಇವರು ಸ್ನಾನಕ್ಕೆ ಹೋದಾಗ ಬಾನೆಟ್ ಎತ್ತಿ, ರೋಟರಿನ ಮೇಲಿನ ಕಪ್ಪು ಮುಚ್ಚಳ ತೆಗೆದು, ರೋಟರ್ ಕಿತ್ತು, ಮುಚ್ಚಳವನ್ನು ಇದ್ದ ಹಾಗೇ ಕೂರಿಸಿದೆ. ಬಚ್ಚಿಟ್ಟ ಕೀಯನ್ನೂ ಅದರ ಮೊಳೆಗೇ ವಾಪಸು ನೇತುಹಾಕಿದೆ.

ನನಗಿದ್ದ ಭಯ ಒಂದಲ್ಲ. ಓಡಿಸಿದರೆ ಯಾರನ್ನಾದರೂ ಕೊಂದುಬಿಡುತ್ತಾರೆ, ಇಲ್ಲವೇ ತಾವೇ ಹೋಗುತ್ತಾರೆ. ಗಾಡಿ ಓಡದಿದ್ದರೆ, ಏನು ಕೆಟ್ಟಿದೆ ಎಂದು ನೋಡಲು ಆ ಮುಚ್ಚಳ ತೆಗೆದೇ ತೆಗೆಯುತ್ತಾರೆ. ತೆಗೆದರೆ ಇದು ಯಾರ ಕೆಲಸವೆಂದು ಗೊತ್ತಾಗಲು ಒಂದು ಕ್ಷಣ ಸಾಕು. ಇಷ್ಟು ವರ್ಷದಲ್ಲಿ ನಾನು ಇವರನ್ನು ಬೈದಿದ್ದೇನೆ, ಕೂಗಾಡಿದ್ದೇನೆ, ವಾರಗಟ್ಟಲೆ ಮಾತು ಬಿಟ್ಟಿದ್ದೇನೆ. ಬೆನ್ನ ಹಿಂದೆ ಮಾತ್ರ ಏನನ್ನೂ ಮಾಡಿರಲಿಲ್ಲ.

ಮಾರನೆಯ ದಿನ ತಿಂಡಿ ತಿಂದು ಎದ್ದವರೇ ಗಾಡಿ ಸ್ಟಾರ್ಟ್ ಆಗುತ್ತಿಲ್ಲ ಎಂದು ಗೊಣಗಿದರು. "ಬಾರೇ, ಕೂತ್ಕೊಂಡು ಕೀ ತಿರುಗ್ಸು" ಎಂದು ನನ್ನನ್ನು ಕರೆದರು. ಒಂದು ಪ್ಲಗ್ಗಿನ ವೈರು ಕಿತ್ತು, ಅದಕ್ಕೆ ಬೇರೊಂದು ಪ್ಲಗ್ ಸಿಕ್ಕಿಸಿ, ಎಂಜಿನ್ನಿನ ಕಬ್ಬಿಣಕ್ಕೆ ಒತ್ತಿ ಹಿಡಿದರು. ನಾನು ಕೀ ತಿರುಗಿಸಿದೆ. ಕಿಡಿ ಇಲ್ಲ. ಆಮೇಲೆ ಕಿಡಿ ಹುಟ್ಟಿಸುವ ಕಾಯಿಲಿನಿಂದ ಮುಚ್ಚಳದ ನಡುವಿಗೆ ಬರುವ ದಪ್ಪ ವೈರನ್ನು ಕಿತ್ತು, ಅದರ ತುದಿಯನ್ನು ಕಬ್ಬಿಣದ ಹತ್ತಿರ ಹಿಡಿದರು. ತಿರುಗಿಸಿದೆ. ಚಟ್ ಚಟ್ ಎಂದು ಸದ್ದಾಯಿತು, ಬಾನೆಟ್ಟಿನ ಸಂದಿಯಲ್ಲಿ ನೀಲಿ ಕಿಡಿ ಕಂಡಿತು. ಇನ್ನು ಸಿಕ್ಕಿಬಿದ್ದೆ ಎಂದುಕೊಂಡೆ.

ಏಕೆಂದರೆ ಇಷ್ಟು ವರ್ಷ ಕೀ ತಿರುಗಿಸಿದ ನನಗೂ ಇದರ ಲೆಕ್ಕಾಚಾರ ಗೊತ್ತು. ಕಾಯಿಲು ಕಿಡಿ ಕೊಡುತ್ತಿದೆ, ಪ್ಲಗ್ಗಿಗೆ ಅದು ತಲುಪುತ್ತಿಲ್ಲ. ನಡುವೆ ಇರುವುದು ಆ ಕಪ್ಪು ಮುಚ್ಚಳ ಮತ್ತು ಅದರ ಒಳಗಿನ ರೋಟರ್. ಇವರು ಮುಚ್ಚಳದ ಮೇಲೆ ಕೈಯಿಟ್ಟರು. ಬೆರಳು ಅದನ್ನು ಬಿಗಿದಿಡುವ ಕ್ಲಿಪ್ಪಿನ ತನಕ ಹೋಯಿತು. ಸ್ವಲ್ಪ ಹೊತ್ತು ಹಾಗೇ ನಿಂತಿದ್ದು ಕೈ ತೆಗೆದರು. "ಕಾಯ್ಲು ವೀಕಾಗೈತೆ ಕಣೆ" ಎಂದು ಹೇಳಿ ಕೈ ತೊಳೆಯಲು ಹೋದರು.

ಕಾಯಿಲೆ ಇವರ ಕಸುಬನ್ನೂ ತಿಂದುಹಾಕಿತು ಎಂದುಕೊಂಡೆ. ಅಳಬೇಕಿತ್ತು, ಅಳು ಬರಲಿಲ್ಲ. ಒಳಗೆ ಹೋಗಿ ಸೊಪ್ಪು ಬಿಡಿಸಿದೆ.

ಮೇಲಿನ ಮನೆಯವನು ಉಪಕಾರಕ್ಕೆಂದು ಎಲ್ಲಿಂದಲೋ ಹೊಸ ಕಾಯಿಲು ಹುಡುಕಿ ತಂದ. ಇವರು ವೈರುಗಳನ್ನು ಕಣ್ಣುಮುಚ್ಚಿ ಜೋಡಿಸಿದರು, ಒಂದೂ ತಪ್ಪಲಿಲ್ಲ. ಮತ್ತೆ ಅದೇ ನೀಲಿ ಕಿಡಿ, ಮತ್ತೆ ಪ್ಲಗ್ಗಿನಲ್ಲಿ ಏನೂ ಇಲ್ಲ. "ವೈರು ಓಗಿರ್ಬೇಕು" ಎಂದರು. ಅವನು ವೈರು ತಂದ. "ಪ್ಲಗ್ಗು" ಎಂದರು. ಪ್ಲಗ್ಗೂ ಬಂತು. ಆ ಮುಚ್ಚಳ ಮತ್ತು ಅದರ ಒಳಗಿನದು ಬಿಟ್ಟು ಮಿಕ್ಕಿದ್ದೆಲ್ಲ ಹೊಸದಾಯಿತು. ಕೊನೆಗೆ ಅವನು ತಲೆ ಕೆರೆದುಕೊಳ್ಳುತ್ತ, "ಅಣ್ಣ, ಈ ಮುಚ್ಚಳ ಒಂದ್ಸಲ ತೆಗ್ದು ನೋಡೋಣ್ವಾ?" ಎಂದು ಅದರ ಮೇಲೆ ಕೈಯಿಟ್ಟ. ಇವರು ಅವನ ಕೈಯನ್ನು ಪಕ್ಕಕ್ಕೆ ತಳ್ಳಿದರು.

"ಅದು ಸರಿಯಾಗೈತೆ. ಅದ್ರ ತಂಟೆಗೆ ಓಗ್ಬ್ಯಾಡ."

ಹಾಗೆಂದು ನನ್ನ ಕಡೆ ಒಂದು ಸಲ ನೋಡಿದರು. ಕಳ್ಳನನ್ನು ಹಿಡಿದೂ ಬಿಟ್ಟು ಕಳಿಸುವವರ ನೋಟ ಅದು.

ಆಗ ನನಗೆ ಅರ್ಥವಾಯಿತು. ಮೊದಲ ದಿನ ಕ್ಲಿಪ್ಪಿನ ಮೇಲೆ ಬೆರಳಿಟ್ಟಾಗಲೇ ಇವರಿಗೆ ಗೊತ್ತಾಗಿತ್ತು. ರೋಟರ್ ಇಲ್ಲ ಎನ್ನುವುದೂ, ಯಾರು ಕಿತ್ತರು ಎನ್ನುವುದೂ, ಯಾಕೆ ಎನ್ನುವುದೂ. ನಾನಿನ್ನು ಓಡಿಸುವುದಿಲ್ಲ ಎಂದು ಬಾಯಿಬಿಟ್ಟು ಹೇಳಲು ಇವರಿಂದ ಆಗಲಿಲ್ಲ. ಓಡಿಸಬೇಡಿ ಎಂದು ಕೂರಿಸಿಕೊಂಡು ಹೇಳಲು ನನ್ನಿಂದಲೂ ಆಗಿರಲಿಲ್ಲ. ಗಾಡಿ ಸ್ಟಾರ್ಟ್ ಆಗುತ್ತಿಲ್ಲ ಎಂದರೆ ಇಬ್ಬರ ಮರ್ಯಾದೆಯೂ ಉಳಿಯುತ್ತಿತ್ತು. ನನಗೆ ಒಂದು ಗಳಿಗೆ ನಾಚಿಕೆಯಾಯಿತು. ಆಮೇಲೆ ಏನೂ ಅನ್ನಿಸಲಿಲ್ಲ. ನೆಂಟರು ಯಾರಾದರೂ ಇದನ್ನು ಕೇಳಿದರೆ ಇವಳು ಕಲ್ಲು ಎಂದಾರು, ಅನ್ನಲಿ. ಡಾಕ್ಟರ ಹತ್ತಿರ ಹೋಗಿಬಂದ ದಿನದಿಂದ ನನ್ನೊಳಗೆ ಯಾವುದೂ ಸರಿಯಾಗಿ ನಾಟುತ್ತಿರಲಿಲ್ಲ.

ಅಲ್ಲಿಂದ ಮುಂದೆ ದಿನಾ ತಿಂಡಿಯಾದ ಮೇಲೆ ನಮಗೆ ಇದೇ ಕೆಲಸ. ನಾನು ಕೀ ತಿರುಗಿಸುವುದು, ಇವರು ಕಿಡಿ ನೋಡುವುದು. ತಿಂಡಿ ತಿಂದೆನಾ ಎಂದು ಕೇಳುತ್ತಿದ್ದರು. ಸತ್ತ ಅಣ್ಣ ಯಾಕೆ ಬಂದಿಲ್ಲ ಎಂದು ಕೇಳುತ್ತಿದ್ದರು. ಆದರೆ ಆ ಮುಚ್ಚಳವನ್ನು ತೆಗೆಯಬಾರದು ಎನ್ನುವುದನ್ನು ಮಾತ್ರ ಮರೆಯಲಿಲ್ಲ. ನಾನೂ ರೇಗಿಸುತ್ತಿದ್ದೆ.

"ಏನ್ರೀ, ಊರೋರ ಗಾಡಿಯೆಲ್ಲ ರಿಪೇರಿ ಮಾಡಿದ್ರಿ, ಮನೆ ಗಾಡಿ ಕೈಲಾಗಲ್ವಾ?"

"ಅಳೇ ಗಾಡಿ, ಅಳೇ ಎಂಡ್ತಿ. ಎಲ್ಡೂ ಸ್ಟಾರ್ಟಾಗ್ಬಿಟ್ರೆ ನಿಲ್ಸೋರ್ಯಾರು?"

ಇಬ್ಬರೂ ನಗುತ್ತಿದ್ದೆವು. ಗ್ರೀಸ್ ಮೆತ್ತಿದ ಇವರ ಕೈಯನ್ನು ಬಟ್ಟೆ ಸೋಪಿನಲ್ಲಿ ನಾನೇ ಉಜ್ಜಿ ತೊಳೆಯುತ್ತಿದ್ದೆ. ಮದುವೆಯಾದ ಹೊಸದರಲ್ಲೂ ನಾವು ದಿನಾ ಇಷ್ಟು ಹೊತ್ತು ಜೊತೆಗೆ ಕಳೆದವರಲ್ಲ. ಈಗ ಯೋಚಿಸಿದರೆ ಅವು ಒಳ್ಳೆಯ ದಿನಗಳು ಎಂದು ಗೊತ್ತಾಗುತ್ತದೆ. ಆಗ ಸುಮ್ಮನೆ ದಿನ ತಳ್ಳಿದೆ.

ಈ ಸಲದ ದೀಪಾವಳಿ ಕಳೆದು ಸ್ವಲ್ಪ ದಿನವಾಗಿತ್ತು. ಬೆಳಿಗ್ಗೆ ಇವರು ಗೆಲುವಾಗಿದ್ದರು, ತಾವೇ ಶರ್ಟಿನ ತೋಳು ಮಡಿಸಿಕೊಂಡು ಗಾಡಿಯ ಹತ್ತಿರ ಬಂದರು. ನಾನು ಎಂದಿನಂತೆ ಒಳಗೆ ಕೂತು ಕೀ ತಿರುಗಿಸಿದೆ. ಪ್ಲಗ್ಗಿನಲ್ಲಿ ಕಿಡಿ ಇಲ್ಲ. ಕಾಯಿಲಿನ ವೈರಿನಲ್ಲಿ ಇತ್ತು. ಮರುಕ್ಷಣ ಟಕ್ ಟಕ್ ಎಂದು ಕ್ಲಿಪ್ಪುಗಳನ್ನು ಬಿಡಿಸಿದ ಸದ್ದು ಕೇಳಿತು. ಕೈ ತಡವರಿಸಲಿಲ್ಲ, ಯೋಚಿಸಲಿಲ್ಲ. ಕಾರ್ಖಾನೆಯಲ್ಲಿ ಯಾವ ಗಾಡಿಗಾದರೂ ಮಾಡುತ್ತಿದ್ದ ಹಾಗೇ, ನ್ಯಾಯವಾಗಿ ಮಾಡಬೇಕಾದ ಹಾಗೇ, ಮುಚ್ಚಳ ಎತ್ತಿದರು.

ನಾನು ಇಳಿದು ಬಂದು ಪಕ್ಕದಲ್ಲಿ ನಿಂತೆ. ಬೈಯಲಿ ಎಂದುಕೊಂಡೆ. ನಿಜ ಹೇಳಬೇಕೆಂದರೆ, ಬೈದರೆ ಸಾಕು ಎಂದು ಆಸೆಯಾಯಿತು. ಇವರು ಬಗ್ಗಿ ಒಳಗೆ ನೋಡಿದರು. ಬೆರಳು ಹಾಕಿ ತಡವಿದರು. ಆಮೇಲೆ ಕೈ ಒರೆಸಿಕೊಳ್ಳುತ್ತ ನನ್ನ ಹತ್ತಿರ ಬಂದು, ಹೊರಗಿನವರ ಮುಂದೆ ನಿಲ್ಲುವ ಹಾಗೆ ಸ್ವಲ್ಪ ದೂರದಲ್ಲಿ ನಿಂತರು.

"ಮೇಡಂ, ಯಾರೋ ರೋಟರ್ ಬಿಚ್ಕೊಂಡು ಓಗವ್ರೆ" ಎಂದು ಮೆಲ್ಲಗೆ ಹೇಳಿದರು. ಮನೆಯ ಬಾಗಿಲ ಕಡೆ ಒಮ್ಮೆ ನೋಡಿ, ದನಿ ಇನ್ನೂ ತಗ್ಗಿಸಿದರು. "ನಮ್ಮನೆಯೋಳ್ಗೆ ಮಾತ್ರ ಯೋಳ್ಬ್ಯಾಡಿ. ಕಳ್ರು ಬಂದಿದ್ರು ಅಂದ್ರೆ ಎದರ್ಕೋತಾಳೆ."

"ಹೇಳಲ್ಲ ಸಾರ್" ಎಂದೆ.